ನಾಡಿ ಹಿಡಿಯದ ವೈದ್ಯ

ತಿಕೋಟಾದಾಚೆಯ ಹಳ್ಳಿಯೊಂದರಲ್ಲಿರುವ ನನ್ನ ಚಿಗವ್ವನಿಗೆ ಎಪ್ಪತ್ತು ದಾಟಿದೆ. ರಕ್ತದೊತ್ತಡವೂ ಸಕ್ಕರೆ ಕಾಯಿಲೆಯೂ ಹತ್ತು ವರ್ಷಗಳಿಂದ ಆಕೆಯ ದೇಹದಲ್ಲಿ ಬಾಡಿಗೆ ಕೊಡದೆ ವಾಸವಾಗಿವೆ. ಮೊನ್ನೆ ಊರಿಗೆ ಹೋದಾಗ, "ಈಗೀಗ ದವಾಖಾನಿಗೆ ವಿಜಯಪುರಕ್ಕ ಬರೂದ ಬಿಟ್ಟೆಲ್ಲಾ ಚಿಗವ್ವ?" ಎಂದು ಕೇಳಿದೆ.

"ಊರಾಗ ಕುಂತು ಫೋನಿನ್ಯಾಗ ಡಾಕ್ಟರನ್ನ ನೋಡತೀನೋ ತಮ್ಮಾ. ಭಾಳ ಛಲೋ ಮಾತಾಡತಾರ. ಆದರ ಒಮ್ಮಿನೂ ಕೈ ಹಿಡದು ನೋಡಲಿಲ್ಲ" ಎಂದಳು.

ಇದು ದೂರೋ ಹೊಗಳಿಕೆಯೋ ನನಗೆ ತಿಳಿಯಲಿಲ್ಲ. ಬಹುಶಃ ಆಕೆಗೂ ತಿಳಿದಿರಲಿಲ್ಲ.

ಅಲ್ಲಿ ನಡೆಯುವುದು ಇಷ್ಟು: ಊರಿನ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗಿರುವ ಹುಡುಗಿಯೊಬ್ಬಳು ರಕ್ತದೊತ್ತಡ ಅಳೆದು, ಬೆರಳು ಚುಚ್ಚಿ ಸಕ್ಕರೆ ನೋಡಿ, ಇ-ಸಂಜೀವಿನಿಯ ಮೂಲಕ ದೂರದ ವೈದ್ಯರನ್ನು ಪರದೆಯ ಮೇಲೆ ಕರೆಯುತ್ತಾಳೆ. ಅವರು ಕೇಳುತ್ತಾರೆ, ಈಕೆ ಹೇಳುತ್ತಾಳೆ, ಗುಳಿಗೆಯ ಚೀಟಿ ಅಲ್ಲಿಯೇ ಬರುತ್ತದೆ. ೨೦೧೯ರ ನವೆಂಬರಿನಲ್ಲಿ ಆರಂಭವಾದ ಈ ಏರ್ಪಾಡು ಕೊರೋನಾದ ದಿನಗಳಲ್ಲಿ ಬೆಳೆದು, ೨೦೨೩ರ ಫೆಬ್ರವರಿಯ ಹೊತ್ತಿಗೆ ದೇಶದಲ್ಲಿ ೧೦ ಕೋಟಿ ಸಮಾಲೋಚನೆಗಳನ್ನು ಮುಟ್ಟಿತ್ತು.

ಇದರ ಲಾಭವನ್ನು ಅಲ್ಲಗಳೆಯುವವನು ಹಳ್ಳಿಯ ರೋಗಿಯೊಡನೆ ಒಂದು ದಿನವನ್ನೂ ಕಳೆದವನಲ್ಲ. ಮೊದಲು ಚಿಗವ್ವ ಬೆಳಗಿನ ಬಸ್ಸು ಹಿಡಿಯಬೇಕು. ಜೊತೆಗೆ ಮಗ ಬರಬೇಕು. ೨೦೨೩ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಆಕೆಗೆ ಟಿಕೀಟಿನ ಖರ್ಚಿಲ್ಲ, ನಿಜ. ಆದರೆ ಮಗನ ಆ ದಿನಕ್ಕೆ ಬೆಲೆಯಿದೆ. ದ್ರಾಕ್ಷಿಯ ಚಾಟ್ನಿ ನಡೆದ ಕಾಲದಲ್ಲಿ ತೋಟ ಬಿಟ್ಟು ಬಂದವನ ಹೊಟ್ಟೆಯ ಸಂಕಟ ಯಾವ ಯಂತ್ರಕ್ಕೂ ಅಳೆಯಲು ಬಾರದು. ಇಷ್ಟೆಲ್ಲ ಆಗಿ ದವಾಖಾನೆಯಲ್ಲಿ ದೊರೆಯುತ್ತಿದ್ದುದೇನು? ಮೂರು ತಾಸು ಬಾಕಿನ ಮೇಲೆ, ಮೂರು ನಿಮಿಷ ವೈದ್ಯರ ಮುಂದೆ. ಒಮ್ಮೆ ನಾನೇ ಜೊತೆಗಿದ್ದೆ. ವೈದ್ಯರು ಚೀಟಿಯಿಂದ ತಲೆಯೆತ್ತಲೇ ಇಲ್ಲ. ಅವರದೂ ತಪ್ಪೆನ್ನಲಾರೆ, ಹೊರಗೆ ಇನ್ನೂ ಐವತ್ತು ಜನರಿದ್ದರು. ಆದರೂ ಎರಡು ಮೊಳ ದೂರದಲ್ಲಿ ಕುಳಿತು ನೋಡದ ಕಣ್ಣು ಹೆಚ್ಚೋ, ಇಪ್ಪತ್ತು ಮೈಲು ದೂರದಿಂದ ಮುಖವನ್ನೇ ನೋಡುವ ಕಣ್ಣು ಹೆಚ್ಚೋ? ಪರದೆಯ ಮೇಲೆ ನೋಡಲು ಮುಖವಲ್ಲದೆ ಬೇರೇನೂ ಇಲ್ಲ ಎಂಬುದೂ ಒಂದು ಉಪಕಾರವೇ!

ವೈದ್ಯನಿಗೂ ರೋಗಿಗೂ ನಡುವೆ ಅಂತರ ಬಿದ್ದುದು ಇಂದಲ್ಲ. ೧೮೧೬ರಲ್ಲಿ ಪ್ಯಾರಿಸಿನ ಲೆನೆಕ್ ಎಂಬ ವೈದ್ಯನು ತರುಣಿಯೊಬ್ಬಳ ಎದೆಗೆ ಕಿವಿಯಿಡಲು ಸಂಕೋಚಪಟ್ಟು, ಕಾಗದವನ್ನು ಸುರುಳಿ ಸುತ್ತಿ ಅದರ ಮೂಲಕ ಎದೆಬಡಿತ ಕೇಳಿದ. ಅಲ್ಲಿಯವರೆಗೆ ಕಿವಿಯನ್ನೇ ಎದೆಗೆ ಹಚ್ಚುತ್ತಿದ್ದರು. ಹೀಗೆ ದೂರ ಸರಿದದ್ದರಿಂದಲೇ ಆತನಿಗೆ ಬಡಿತ ಹೆಚ್ಚು ಸ್ಪಷ್ಟವಾಗಿ ಕೇಳಿಸಿತಂತೆ. ಗೋಲಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಬಾಲ್ಯ ಕಳೆದ ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕೆಲವು ಬೇನೆಗಳಿಗೆ ದೂರವೇ ಔಷಧ. ಬಬಲೇಶ್ವರದ ಕಡೆಯಿಂದ ಬರುವ ನನ್ನ ವಿದ್ಯಾರ್ಥಿಯೊಬ್ಬನು ಕೆಲವು ತಿಂಗಳು ನಿದ್ದೆಗೆಟ್ಟು, ತರಗತಿಯಲ್ಲಿ ಕಲ್ಲಿನಂತೆ ಕೂಡುತ್ತಿದ್ದ. ಧಾರವಾಡದ ಮಾನಸಿಕ ಆಸ್ಪತ್ರೆಗೆ ಹೋಗೆಂದರೆ, "ಊರಾಗ ಹುಚ್ಚಂತಾರ್ರಿ ಸರ್" ಎಂದ. ಕೊನೆಗೆ ೨೦೨೨ರ ಅಕ್ಟೋಬರಿನಲ್ಲಿ ಆರಂಭವಾಗಿದ್ದ ಟೆಲಿ-ಮಾನಸ್‌ನ ೧೪೪೧೬ಕ್ಕೆ, ಹೊಲದ ಬದುವಿನ ಮೇಲೆ ಕುಳಿತು, ಮುಖ ತೋರಿಸದೆ ಮಾತನಾಡಿದ. ಮುಖ ತೋರಿಸಬೇಕೆಂದಿದ್ದರೆ ಬಾಯಿ ತೆರೆಯುತ್ತಿರಲಿಲ್ಲ.

ಆದರೆ ಚಿಗವ್ವನ ಮಾತನ್ನು ಮುದುಕಿಯ ಹಟವೆಂದು ತಳ್ಳಿಹಾಕಲೂ ಆಗದು. ಹೋದ ವರ್ಷ ಆಕೆಯ ಅಂಗಾಲಿನಲ್ಲಿ ಹುಣ್ಣಾಗಿತ್ತು. ಸಕ್ಕರೆಯವರ ಪಾದಕ್ಕೆ ನೋವು ತಿಳಿಯದು. ಆಕೆ ಹೇಳಲಿಲ್ಲ, ಪರದೆ ಕಾಣಲಿಲ್ಲ. ಕಂಡವಳು ಆ ಆರೋಗ್ಯ ಅಧಿಕಾರಿ ಹುಡುಗಿ. ತೂಕ ನೋಡಲು ಚಪ್ಪಲಿ ಬಿಡಿಸಿದಾಗ ಕೆಳಗೆ ಕುಳಿತು ಪಾದವನ್ನು ಕೈಯಲ್ಲಿ ಹಿಡಿದು ನೋಡಿದಳು. ಪರದೆಯ ವೈದ್ಯರು, "ಇದು ಇಲ್ಲಿಂದ ತೀರ್ಮಾನಿಸುವ ಮಾತಲ್ಲ, ನಾಳೆಯೇ ಕರೆದುಕೊಂಡು ಹೋಗಿ" ಎಂದರು. ಹಾಗೆನ್ನುವುದು ಅವರ ಸೌಜನ್ಯವಷ್ಟೇ ಅಲ್ಲ, ಕರ್ತವ್ಯವೂ ಹೌದು. ೨೦೨೦ರ ಮಾರ್ಚ್ ೨೫ರ ದೂರವೈದ್ಯ ಮಾರ್ಗಸೂಚಿಯ ಪ್ರಕಾರ ಪರದೆ ಸಾಕೋ ಸಾಲದೋ ಎಂಬ ನಿರ್ಣಯ ವೈದ್ಯರದು. ನೇರ ನೋಡಿರೆಂದು ಕೇಳುವ ರೋಗಿಗೆ ಪರದೆಯನ್ನೇ ಒತ್ತಾಯಿಸುವುದು ಅಪಚಾರ. ಈ ಎರಡನೆಯ ಮಾತು ನಮ್ಮ ಹಳ್ಳಿಗಳಲ್ಲಿ ಎಷ್ಟು ಜನರಿಗೆ ಗೊತ್ತು?

ಅದೇ ಮನೆಯ ಸೊಸೆಗೂ ಏನೋ ಹೆಣ್ಣಿನ ಬೇನೆ. ಆಕೆ ಬಾಯಿ ಬಿಟ್ಟಿಲ್ಲ. ಮನೆಯಲ್ಲಿರುವ ಒಂದು ಫೋನು ಗಂಡನ ಕೈಯಲ್ಲಿ. ಆರೋಗ್ಯ ಮಂದಿರದ ಬಾಗಿಲು ಮುಚ್ಚಿದರೂ ಪರದೆಯ ಧ್ವನಿ ಕಟ್ಟೆಯ ಮೇಲೆ ಕುಳಿತವರಿಗೆ ಕೇಳುತ್ತದೆ. ದೂರದ ವೈದ್ಯರು ಹತ್ತಿರವಾದರು. ಹತ್ತಿರದ ಕಿವಿಗಳು ದೂರವಾಗಲಿಲ್ಲ. ಈಕೆಗೆ ವಿಜಯಪುರದ ಬಸ್ಸೇ ಲೇಸಾಗಿತ್ತೇನೋ, ಜನಜಂಗುಳಿಯಲ್ಲಿ ಪರಿಚಯದವರಿರುವುದಿಲ್ಲ.

ಇಷ್ಟು ಬರೆದ ಮೇಲೆ ನನ್ನದೊಂದು ಲೆಕ್ಕವನ್ನೂ ಒಪ್ಪಿಸಬೇಕು. ಚಿಗವ್ವ ದವಾಖಾನೆಗೆ ಬಂದಾಗ ನಮ್ಮ ಮನೆಯಲ್ಲಿ ಎರಡು ದಿನ ಇರುತ್ತಿದ್ದಳು. ಗಂಟಿನಲ್ಲಿ ಸಜ್ಜೆರೊಟ್ಟಿ, ಶೇಂಗಾ ಚಟ್ನಿ, ಒಣದ್ರಾಕ್ಷಿ. ನಾನು ಕಾಲೇಜಿಗೆ ರಜೆ ಹಾಕಿ, ಒಳಗೊಳಗೆ ಗೊಣಗುತ್ತ, ಆಕೆಯೊಡನೆ ಬಾಕಿನ ಮೇಲೆ ಕೂಡುತ್ತಿದ್ದೆ. ಆ ಮೂರು ತಾಸುಗಳಲ್ಲಿಯೇ ಆಕೆ ನನ್ನ ತಾಯಿಯ ಬಾಲ್ಯವನ್ನು ಹೇಳಿದ್ದು. ಬೇರೆಲ್ಲಿಯೂ ನಾನು ಅದನ್ನು ಕೇಳಿರಲಿಲ್ಲ. ಆರೋಗ್ಯ ಮಂದಿರದಲ್ಲೇ ಎಲ್ಲ ಆಗುತ್ತದೆಂದು ತಮ್ಮ ಫೋನು ಮಾಡಿದ ದಿನ ನನಗೆ ಸಂತೋಷವಾಯಿತು. ಆಕೆಯ ತ್ರಾಸು ತಪ್ಪಿತೆಂದು ಎಂದುಕೊಂಡೆ. ತಪ್ಪಿದ ತ್ರಾಸಿನಲ್ಲಿ ನನ್ನ ಪಾಲೆಷ್ಟು ಎಂದು ಆಗ ಕೇಳಿಕೊಳ್ಳಲಿಲ್ಲ. ಅದಕ್ಕೆ ಯಂತ್ರವನ್ನು ದೂರುವುದು ಸಲ್ಲದು. ರಜೆ ಹಾಕಬೇಡವೆಂದು ಅದು ನನಗೆ ಹೇಳಿರಲಿಲ್ಲ.

ಹೊರಡುವಾಗ, "ಒಂದು ವಾರ ನಮ್ಮ ಮನಿಗೆ ಬಂದು ಇರು, ಚಿಗವ್ವ" ಎಂದೆ.

"ದವಾಖಾನಿ ಕೆಲಸ ಇಲ್ಲದ ಸುಮ್ಮನ ಹೆಂಗ ಬರಲಿ ತಮ್ಮಾ?" ಎಂದಳು. ಬಸ್ಸು ಬಂದಿತ್ತು. ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ.