ಕರುಳು ಯಾರದು?

2015ರ ಏಪ್ರಿಲ್ ತಿಂಗಳಲ್ಲಿ ಯಾನೊಮಾಮಿ ಎಂಬ ಬುಡಕಟ್ಟಿಗೆ ಸಂಬಂಧಿಸಿದ ಎರಡು ಸಂಗತಿಗಳು ನಡೆದವು. ಬ್ರೆಜಿಲ್ ಮತ್ತು ವೆನೆಜುವೆಲಾ ಗಡಿಯ ಎರಡೂ ಕಡೆಯ ಅಮೆಜಾನ್ ಕಾಡಿನಲ್ಲಿ ಬದುಕುವ ಜನ ಇವರು.

ಮೊದಲನೆಯದು ರಕ್ತದ ಕತೆ. 1960ರ ದಶಕದ ಕೊನೆಯಲ್ಲಿ ಅಮೆರಿಕದ ತಳಿವಿಜ್ಞಾನಿ ಜೇಮ್ಸ್ ನೀಲ್ ತಂಡದವರು ಕತ್ತಿ, ಪಾತ್ರೆಗಳಂಥ ವಸ್ತುಗಳನ್ನು ಕೊಟ್ಟು ಯಾನೊಮಾಮಿಗಳ ರಕ್ತ ತೆಗೆದುಕೊಂಡು ಹೋಗಿದ್ದರು. ಆ ಜನರಲ್ಲಿ ಒಬ್ಬರು ಸತ್ತರೆ ದೇಹವನ್ನು ಸುಡುತ್ತಾರೆ, ಅವರಿಗೆ ಸೇರಿದ್ದನ್ನೆಲ್ಲ ನಾಶ ಮಾಡುತ್ತಾರೆ, ಹೆಸರನ್ನೂ ಎತ್ತುವುದಿಲ್ಲ. ಏನಾದರೂ ಉಳಿದರೆ ಸಾವು ಪೂರ್ತಿಯಾಗುವುದಿಲ್ಲ. ಹಾಗಿರುವಾಗ ತಮ್ಮ ಹಿರಿಯರ ರಕ್ತ ಇನ್ನೂ ಪರದೇಶದ ಫ್ರೀಜರಿನಲ್ಲಿದೆ ಎಂದು ತಿಳಿದರೆ ಅವರಿಗೆ ಹೇಗಾಗಿರಬೇಕು! ವರ್ಷಗಟ್ಟಲೆ ಕೇಳಿದ ಮೇಲೆ ಎರಡೂವರೆ ಸಾವಿರಕ್ಕೂ ಹೆಚ್ಚು ಸೀಸೆಗಳು ಬ್ರೆಜಿಲ್‌ಗೆ ಮರಳಿದವು. ಅವರು ಗುಂಡಿ ತೋಡಿ ಆ ರಕ್ತವನ್ನು ಮಣ್ಣು ಮಾಡಿದರು.

ಎರಡನೆಯದು ಕರುಳಿನ ಕತೆ. ಅದೇ ತಿಂಗಳು ‘ಸೈನ್ಸ್ ಅಡ್ವಾನ್ಸಸ್’ ಪತ್ರಿಕೆಯಲ್ಲಿ ಒಂದು ಸಂಶೋಧನಾ ಲೇಖನ ಪ್ರಕಟವಾಯಿತು. ಹೊರಗಿನವರ ಸಂಪರ್ಕವೇ ಇಲ್ಲದಿದ್ದ, ವೆನೆಜುವೆಲಾ ಕಡೆಯ ಒಂದು ಯಾನೊಮಾಮಿ ಹಳ್ಳಿಗೆ 2009ರಲ್ಲಿ ವೈದ್ಯಕೀಯ ತಂಡವೊಂದು ಹೋಗಿತ್ತು. ಅಲ್ಲಿನ 34 ಜನರ ಮಲ, ಬಾಯಿ, ಚರ್ಮದ ಮಾದರಿಗಳ ಜೀನ್‌ಗಳನ್ನು ವಿಜ್ಞಾನಿಗಳು ಪರೀಕ್ಷಿಸಿದರು. ಅಲ್ಲಿ ಕಂಡಷ್ಟು ಬ್ಯಾಕ್ಟೀರಿಯಾ ವೈವಿಧ್ಯ ಅಲ್ಲಿಯವರೆಗೆ ಯಾವ ಮಾನವ ಸಮುದಾಯದಲ್ಲೂ ಕಂಡಿರಲಿಲ್ಲ. ನಮ್ಮ ಆಂಟಿಬಯೋಟಿಕ್‌ಗಳನ್ನು ನೋಡದಿದ್ದ ಆ ಜನರ ಬ್ಯಾಕ್ಟೀರಿಯಾಗಳಲ್ಲಿ, ಅವೇ ಔಷಧಗಳನ್ನು ಎದುರಿಸುವ ಜೀನ್‌ಗಳೂ ಇದ್ದವು.

ರಕ್ತವನ್ನು ಅವರು ವಾಪಸ್ ಕೇಳಿದರು. ಮಲವನ್ನು ಯಾರು ಕೇಳುತ್ತಾರೆ? ನಾವೆಲ್ಲ ದಿನಾ ಬೆಳಗ್ಗೆ ಮೂಗು ಮುಚ್ಚಿಕೊಂಡು ಬಿಟ್ಟುಬರುವ ವಸ್ತು ಅದು. ಆದರೆ ಈಗ ಅದಕ್ಕೂ ಬೆಲೆ ಬಂದಿದೆ. ಆಂಟಿಬಯೋಟಿಕ್ ತಿಂದು ತಿಂದು ಕರುಳಿನ ಬ್ಯಾಕ್ಟೀರಿಯಾ ನಾಶವಾದವರಿಗೆ ಸಿ. ಡಿಫಿಸಿಲ್ ಎಂಬ ಸೋಂಕು ಮತ್ತೆ ಮತ್ತೆ ಬರುತ್ತದೆ, ಪ್ರಾಣವನ್ನೂ ತೆಗೆಯಬಲ್ಲದು. ಆರೋಗ್ಯವಂತರ ಮಲದ ದ್ರಾವಣವನ್ನು ಇಂಥವರ ಕರುಳಿಗೆ ಸೇರಿಸಿದರೆ ಹೆಚ್ಚಿನವರು ಗುಣವಾಗುತ್ತಾರೆ ಎಂದು 2013ರಲ್ಲಿ ನೆದರ್ಲೆಂಡ್ಸ್‌ನ ವೈದ್ಯರು ತೋರಿಸಿದರು. 2022ರಲ್ಲಿ ಅಮೆರಿಕ ಸರ್ಕಾರ ಅಂಥ ಒಂದು ಉತ್ಪನ್ನಕ್ಕೆ ಔಷಧವಾಗಿ ಒಪ್ಪಿಗೆ ಕೊಟ್ಟಿತು. ನಾಳೆ ಯಾನೊಮಾಮಿಗಳ ಕರುಳಿನ ಒಂದು ಬ್ಯಾಕ್ಟೀರಿಯಾ ಯಾವುದೋ ನಗರದ ರೋಗಿಗೆ ಔಷಧವಾದರೆ, ಅದು ಯಾರದು?

ಉತ್ತರ ಸುಲಭವಲ್ಲ. 2010ರಲ್ಲಿ 124 ಯುರೋಪಿಯನ್ನರ ಮಲದ ಮಾದರಿಗಳಿಂದ ವಿಜ್ಞಾನಿಗಳು 33 ಲಕ್ಷ ಬ್ಯಾಕ್ಟೀರಿಯಾ ಜೀನ್‌ಗಳ ಪಟ್ಟಿ ಮಾಡಿದರು. ಅದು ಮನುಷ್ಯನ ಜೀನ್‌ಗಳ ಸುಮಾರು 150 ಪಟ್ಟು. ನನ್ನ ಊಟ ಅರಗಿಸುವುದರಲ್ಲಿ, ರೋಗ ತಡೆಯುವುದರಲ್ಲಿ ಅವುಗಳ ಪಾಲಿದೆ. ಅವು ನಾನೋ, ನನ್ನೊಳಗಿನ ಬಿಡಾರದವರೋ? ಕಾನೂನಿಗೂ ಇದು ತೊಡಕು. ಜೀವವೈವಿಧ್ಯದ ಜೀನ್‌ಗಳಿಂದ ಬಂದ ಲಾಭದಲ್ಲಿ ಅವುಗಳ ನಾಡಿಗೂ ಪಾಲು ಸಿಗಬೇಕು ಎನ್ನುವ 1992ರ ಅಂತರರಾಷ್ಟ್ರೀಯ ಒಪ್ಪಂದದ ವ್ಯಾಪ್ತಿಗೆ ಮನುಷ್ಯರ ಜೀನ್‌ಗಳು ಬರುವುದಿಲ್ಲ. ಹಾಗಾದರೆ ಮನುಷ್ಯನ ಕರುಳಿನಲ್ಲಿರುವ, ಮನುಷ್ಯನದಲ್ಲದ ಜೀನ್ ಯಾವ ಕಡೆಗೆ?

ಇಲ್ಲಿ ನನಗೆ ನಮ್ಮ ಭಾಷೆಯ ಮಾತು ನೆನಪಾಗುತ್ತದೆ. ಕನ್ನಡಕ್ಕೆ ಕರುಳು ಬರೀ ಒಂದು ಅಂಗವಲ್ಲ. ಮಕ್ಕಳನ್ನು ಕರುಳಿನ ಕುಡಿ ಎನ್ನುತ್ತೇವೆ. ಪರರ ಸಂಕಟಕ್ಕೆ ನಮ್ಮ ಕರುಳು ಚುರುಕ್ ಎನ್ನುತ್ತದೆ. ವಿಜ್ಞಾನ ಹೇಳುವುದೂ ಇದಕ್ಕೆ ದೂರವಿಲ್ಲ. ಹೆರಿಗೆಯ ಹೊತ್ತಿಗೆ ತಾಯಿಯ ಬ್ಯಾಕ್ಟೀರಿಯಾಗಳು ಮಗುವಿಗೆ ದಾಟುತ್ತವೆ. ತಾಯಿಯ ಹಾಲಿನಲ್ಲಿ ಮಗುವಿಗೆ ಅರಗದ ಕೆಲವು ಸಕ್ಕರೆಗಳಿವೆ. ಅವನ್ನು ಉಣ್ಣುವುದು ಮಗುವಿನ ಕರುಳಿನ ಬೈಫಿಡೋಬ್ಯಾಕ್ಟೀರಿಯಾ. ಅಂದರೆ ತಾಯಿ ಮಗುವಿಗಷ್ಟೇ ಅಲ್ಲ, ಅದರ ಹೊಟ್ಟೆಯಲ್ಲಿರುವ ಕಾಣದ ಜೀವಗಳಿಗೂ ಉಣಿಸುತ್ತಾಳೆ. ಉಳಿದದ್ದು ಮಣ್ಣಿನಿಂದ, ನೀರಿನಿಂದ, ಸುತ್ತಲಿನವರ ಕೈಯಿಂದ ಬಂದದ್ದು. ಇದರಲ್ಲಿ ‘ನನ್ನದು’ ಎಂದು ಎದೆ ತಟ್ಟಿ ಹೇಳುವಂಥದ್ದು ಏನಿದೆ?

ಆದರೆ ಈ ಮಾತಿನಲ್ಲೇ ಅಪಾಯವೂ ಇದೆ. ಕೊಡುವವನು ‘ಇದು ನನ್ನದಲ್ಲ’ ಎಂದರೆ ಅದು ವಿನಯ. ತೆಗೆದುಕೊಳ್ಳುವವನು ‘ಇದು ಯಾರದೂ ಅಲ್ಲ’ ಎಂದರೆ ಅದು ಕಳ್ಳತನಕ್ಕೆ ಪೀಠಿಕೆ. ಕಾಡು ಯಾರದೂ ಅಲ್ಲ ಎಂದೇ ಅಲ್ಲವೇ ಜಗತ್ತಿನ ಕಾಡುಗಳಿಗೆಲ್ಲ ಬೇಲಿ ಬಿದ್ದದ್ದು? ಯಾರದೂ ಅಲ್ಲದ್ದು ಪ್ರಯೋಗಾಲಯ ಹೊಕ್ಕು ಹೊರಬರುವಾಗ ಒಂದು ಕಂಪನಿಯದಾಗಿರುತ್ತದೆ.

ಹಾಗೆಂದು ಸಂಶೋಧನೆಯೇ ಬೇಡ ಎನ್ನಲು ನನಗೆ ಮನಸ್ಸಿಲ್ಲ. ಆಸ್ಪತ್ರೆಯಲ್ಲಿ ಮಲಗಿರುವ ರೋಗಿ ನಮ್ಮ ತತ್ವಚರ್ಚೆ ಮುಗಿಯಲಿ ಎಂದು ಕಾಯಲಾರ. ಅವನ ಸಂಕಟವೂ ಸಂಕಟವೇ. ಹಾಗಾಗಿ ‘ಇದು ಯಾರ ಆಸ್ತಿ’ ಎನ್ನುವುದಕ್ಕಿಂತ ‘ಇದು ಯಾರ ಋಣ’ ಎಂದು ಕೇಳುವುದು ಮೇಲು ಅನ್ನಿಸುತ್ತದೆ. ಆಸ್ತಿಗೆ ಬೆಲೆ ಕಟ್ಟಿ ಕೈತೊಳೆದುಕೊಳ್ಳಬಹುದು. ಋಣ ಹಾಗೆ ತೀರುವುದಿಲ್ಲ. ಕೊಟ್ಟವರು ಹೇಗಿದ್ದಾರೆ ಎಂದು ಆಗಾಗ ತಿರುಗಿ ನೋಡಬೇಕಾಗುತ್ತದೆ.

ತಿರುಗಿ ನೋಡಿದರೆ ಕಾಣುವುದೇನು? 2023ರ ಜನವರಿಯಲ್ಲಿ ಬ್ರೆಜಿಲ್ ಸರ್ಕಾರ ಯಾನೊಮಾಮಿ ನೆಲದಲ್ಲಿ ಆರೋಗ್ಯ ತುರ್ತುಸ್ಥಿತಿ ಘೋಷಿಸಿತು. ಅಕ್ರಮ ಚಿನ್ನದ ಗಣಿಗಾರರು ಕಾಡು ಬಗೆದಿದ್ದರು, ನದಿಗಳಿಗೆ ಪಾದರಸ ಸೇರಿತ್ತು, ಮಕ್ಕಳು ಹಸಿವಿನಿಂದ, ಮಲೇರಿಯಾದಿಂದ ಸಾಯುತ್ತಿದ್ದರು. ಇತ್ತ ಯಾನೊಮಾಮಿ ಅಧ್ಯಯನದಲ್ಲಿದ್ದ ಮರಿಯಾ ಗ್ಲೋರಿಯಾ ಡೊಮಿಂಗೆಸ್-ಬೆಲ್ಲೊ ಮತ್ತು ಸಂಗಡಿಗರು, ಅಳಿಯುತ್ತಿರುವ ಮಾನವ ಬ್ಯಾಕ್ಟೀರಿಯಾಗಳನ್ನು ಬೀಜಗಳ ಹಾಗೆ ಒಂದು ಭಂಡಾರದಲ್ಲಿ ಕಾಪಾಡುವ ಯೋಜನೆಯನ್ನು 2018ರಲ್ಲೇ ಮುಂದಿಟ್ಟಿದ್ದರು. ಒಳ್ಳೆಯ ಕೆಲಸವೇ. ಆದರೆ ಆ ವೈವಿಧ್ಯವನ್ನು ಸಾಕಿದ್ದು ಆ ಕಾಡಿನ ಬಾಳೆ, ಮರಗೆಣಸು, ಮೀನು, ಬೇಟೆ, ಆ ನೀರು, ಆ ಮಣ್ಣು. ಅವೆಲ್ಲ ಹಾಳಾದ ಮೇಲೆ ಫ್ರೀಜರಿನಲ್ಲಿ ಉಳಿಯುವುದು ಅವರ ಬ್ಯಾಕ್ಟೀರಿಯಾ ಮಾತ್ರ, ಅವರಲ್ಲ.

ಒಮ್ಮೆ ಅವರ ರಕ್ತವನ್ನು ಫ್ರೀಜರಿನಲ್ಲಿಟ್ಟುಕೊಂಡು ಅವರನ್ನು ಮರೆತದ್ದಾಯಿತು. ಮರಳಿ ಕೊಡಲು ಅರ್ಧ ಶತಮಾನ ಹಿಡಿಯಿತು. ಈ ಸಲ ಮರಳಿ ಕೊಡಬೇಕಾದದ್ದು ಸೀಸೆಯಲ್ಲಿ ಹಿಡಿಸುವಂಥದ್ದಲ್ಲ.