ಹೊರಗೆ ನಿಂತವನು ಯಾರು?

ವಾಕ್ಯಭಾಗ: ಲೂಕ 15:25–32

 

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ಬೆಂಗಳೂರಿಗೆ ಕೆಲಸಕ್ಕೆ ಹೋಗಿರೋ ಯವ್ವನಸ್ಥರು ನಮ್ಮ ಸಭೆಯಲ್ಲಿ ತುಂಬ ಜನ ಇದ್ದೀರಿ. ನಿಮ್ಮ ಹಾಗೇ ಇರೋ ಒಬ್ಬ ತಂಗಿ ಊರಿಗೆ ಬಂದಾಗ ನನ್ನನ್ನ ಕೇಳಿದಳು: “ಪಾಸ್ಟರಣ್ಣ, ಸ್ವಿಂಗ್ ಡ್ಯಾನ್ಸ್ ಕ್ಲಾಸಿಗೆ ಸೇರಿದ್ದೀನಿ. ಜೋಡಿಯಾಗಿ ಕೈ ಹಿಡ್ಕೊಂಡು ಮಾಡೋದು. ತಪ್ಪಾ?”

ನಾನು ಒಂದು ಪ್ರಶ್ನೆನೂ ಕೇಳಲಿಲ್ಲ. “ಅದು ಲೋಕದ್ದು ಕಣಮ್ಮ, ಬಿಟ್ಬಿಡು” ಅಂದೆ. ಅವಳು ತಲೆಯಾಡಿಸಿ ಹೋದಳು. ಆಮೇಲೆ ಮೂರು ತಿಂಗಳು ಆರಾಧನೆಗೆ ಬರಲೇ ಇಲ್ಲ.

ಪ್ರಿಯರೇ, ಸತ್ಯವೇದ ಏನು ಹೇಳುತ್ತದೆ? ವಿಮೋಚನಕಾಂಡ 15ರಲ್ಲಿ ಮಿರ್ಯಾಮಳು ದಮ್ಮಡಿ ಹಿಡಿದು ಕುಣಿದಳು, ಅದು ಸ್ತೋತ್ರ. 32ನೇ ಅಧ್ಯಾಯದಲ್ಲಿ ಅದೇ ಜನ ಚಿನ್ನದ ಹೋರಿಕರುವಿನ ಮುಂದೆ ಕುಣಿದರು, ಅದು ಪಾಪ. 2 ಸಮುವೇಲ 6ರಲ್ಲಿ ದಾವೀದನು ಮಂಜೂಷದ ಮುಂದೆ ಕುಣಿದನು. ಮಾರ್ಕ 6ರಲ್ಲಿ ಹೆರೋದನ ಔತಣದ ಕುಣಿತ ಸ್ನಾನಿಕನಾದ ಯೋಹಾನನ ತಲೆ ತೆಗೆಸಿತು. ಕಾಲು ಕುಣಿಯೋದು ಒಂದೇ, ಹೃದಯ ಬೇರೆ ಬೇರೆ.

ಕೊನೆಗೆ ನಾನೇ ಫೋನ್ ಮಾಡಿದೆ. ಈ ಸಲ ಕೇಳಿಸಿಕೊಂಡೆ. “ಅಣ್ಣ, ಪಿಜಿಗೆ ಬಂದ್ರೆ ಮಾತಾಡೋಕೆ ಯಾರೂ ಇಲ್ಲ. ಅಲ್ಲಿ ನನ್ನ ಹೆಸರು ಹಿಡಿದು ಕರೀತಾರೆ. ಬೇಡ ಅಂದ್ರೆ ಬಲವಂತ ಮಾಡಲ್ಲ. ಜೊತೆಯವರನ್ನ ಎಳೆದಾಡಿದ್ರೆ ಟೀಚರೇ ತಿದ್ದುತಾರೆ” ಅಂದಳು. ನನಗೆ ನಮ್ಮೂರ ಕೋಲಾಟ ನೆನಪಾಯ್ತು. ಕೋಲು ಎದುರಿನವರ ಕೋಲಿಗೆ ತಾಗಬೇಕು, ಬೆರಳಿಗಲ್ಲ!

ಆಮೇಲೆ ಓದಿ ನೋಡಿದೆ. ಸ್ವಿಂಗ್‌ನಲ್ಲಿ ಹೆಸರಾದ ಲಿಂಡಿ ಹಾಪ್ 1920ರ ದಶಕದಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಕಪ್ಪುಜನರ ಮಧ್ಯೆ ಹುಟ್ಟಿದ್ದು. ಅಲ್ಲಿ 1926ರಲ್ಲಿ ತೆರೆದ ಸವಾಯ್ ಬಾಲ್‌ರೂಮಿನಲ್ಲಿ ಕಪ್ಪುಜನರೂ ಬಿಳಿಯರೂ ಒಂದೇ ನೆಲದ ಮೇಲೆ ಕುಣಿದರು. ಅದಕ್ಕೂ 20 ವರ್ಷ ಮೊದಲು, 1906ರಲ್ಲಿ, ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯಲ್ಲಿ ವಿಲಿಯಂ ಸೆಮೋರ್ ಅನ್ನೋ ಕಪ್ಪು ದೇವಸೇವಕರ ಕೂಟದಲ್ಲಿ ಎರಡು ಬಣ್ಣದವರೂ ಒಟ್ಟಿಗೆ ಮೊಣಕಾಲೂರಿದ್ದರು. ನಮ್ಮ ಪೆಂತೆಕೊಸ್ತ್ ಉಜ್ಜೀವನದ ಬೇರು ಅದು. ಡ್ಯಾನ್ಸೂ ಆರಾಧನೆಯೂ ಒಂದೇ ಅಂತ ನಾನು ಹೇಳ್ತಿಲ್ಲ. ಆದರೆ ಜೊತೆಗೆ ಸೇರುವ ಹಸಿವು ದೇವರೇ ಮನುಷ್ಯನಲ್ಲಿ ಇಟ್ಟದ್ದು. ಸಭೆ ಅದನ್ನು ತೀರಿಸದಿದ್ದರೆ ಮಕ್ಕಳು ಬೇರೆ ಕಡೆ ಹುಡುಕುತ್ತಾರೆ.

ಹಾಗಂತ ಏನು ಬೇಕಾದ್ರೂ ಮಾಡಿ ಅಂತಲ್ಲ. 1 ಕೊರಿಂಥ 10:31ರ ಪ್ರಕಾರ ನಿಮ್ಮನ್ನೇ ಕೇಳ್ಕೊಳ್ಳಿ: ಇದು ದೇವರ ಮಹಿಮೆಗಾಗಿಯಾ? ಆ ಕೈ ಹಿಡಿದಾಗ ಮನಸ್ಸು ಶುದ್ಧವಾಗಿದೆಯಾ? ಮನೆಯವರಿಗೆ ಹೇಳದೆ ಮುಚ್ಚಿಡುತ್ತಾ ಇದ್ದೀರಾ? ಕ್ಲಾಸ್ ಮುಗಿದ ಮೇಲೆ ಎಲ್ಲಿಗೆ ಹೋಗ್ತೀರಿ? ಮನಸ್ಸಾಕ್ಷಿ ಚುಚ್ಚಿದರೆ ಅಲ್ಲೇ ನಿಲ್ಲಿಸಿ.

ಈಗ ಲೂಕ 15ಕ್ಕೆ ಬನ್ನಿ. ತಪ್ಪಿಹೋದ ಮಗ ಮನೆಗೆ ಬಂದಾಗ ಒಳಗೆ ಹಾಡು, ಕುಣಿತ. ಹಿರಿಮಗ ಹೊಲದಿಂದ ಬಂದ, ಸದ್ದು ಕೇಳಿದ, ಸಿಟ್ಟಾದ, ಬಾಗಿಲಲ್ಲೇ ನಿಂತ. ತಂದೆ ಅವನನ್ನೂ ಬಿಡಲಿಲ್ಲ, ಹೊರಗೆ ಬಂದು ಬೇಡಿಕೊಂಡ. ಪ್ರಿಯರೇ, ಆ ತಂಗಿಯ ವಿಷಯದಲ್ಲಿ ಹೊರಗೆ ನಿಂತಿದ್ದವನು ನಾನು. ಅವಳ ಹತ್ತಿರ ಕ್ಷಮೆ ಕೇಳಿದೆ. ಮುಂದಿನ ಭಾನುವಾರ ಅವಳು ಬಂದಳು.

ಈ ವಾರ ಪಿಜಿಯಲ್ಲಿ ಒಂಟಿಯಾಗಿರೋ ಒಬ್ಬರಿಗಾದರೂ ಫೋನ್ ಮಾಡಿ, ಹೆಸರು ಹಿಡಿದು ಮಾತಾಡಿಸಿ. ಪ್ರಾರ್ಥಿಸೋಣ: ತಂದೆಯೇ, ಬಾಗಿಲಲ್ಲಿ ನಿಂತಿರೋ ನಮ್ಮನ್ನು ಒಳಗೆ ಕರೆದುಕೋ. ಆಮೆನ್.