ಭೂಮಿತಾಯಿಯ ಬಯಕೆ ಊಟ



ದೇವರಿಗೆ ಎಡೆ ಹಿಡಿಯುವುದು ಎಲ್ಲರಿಗೂ ಗೊತ್ತು. ಹಬ್ಬ ಬಂತೆಂದರೆ ಹೋಳಿಗೆ, ಪಾಯಸ, ಕೋಸಂಬರಿ ಮಾಡಿ ದೇವರ ಮುಂದೆ ಇಟ್ಟು, ಆರತಿ ಬೆಳಗಿ, ಆಮೇಲೆ ಮನೆಮಂದಿ ಉಣ್ಣುತ್ತಾರೆ. ಆದರೆ ಶಿಕಾರಿಪುರ, ಸೊರಬ, ಸಾಗರ ಸೀಮೆಯಲ್ಲಿ ವರ್ಷಕ್ಕೊಂದು ದಿನ ಎಡೆ ದೇವರ ಕೋಣೆಯಲ್ಲಿ ನಿಲ್ಲುವುದಿಲ್ಲ. ಅಡುಗೆಯೆಲ್ಲ ಬುಟ್ಟಿಗೆ ತುಂಬಿ ತಲೆಯ ಮೇಲೆ ಹೊತ್ತು ಗದ್ದೆಗೆ ಒಯ್ಯುತ್ತಾರೆ. ಅಲ್ಲಿ ಉಣ್ಣುವವಳು ಭೂಮಿತಾಯಿ. ಅದೇ ಆಶ್ವಯುಜ ಮಾಸದ ಭೂಮಿ ಹುಣ್ಣಿಮೆ. ಬಯಲುಸೀಮೆ ಕಡೆಯವರು ಇದನ್ನೇ ಶೀಗಿ ಹುಣ್ಣಿಮೆ ಅನ್ನುತ್ತಾರೆ. ಬಂದಳಿಕೆ ಇರುವುದು ಮಲೆನಾಡು ಮುಗಿದು ಬಯಲು ಶುರುವಾಗುವ ಗಡಿಯಲ್ಲಿ, ಹಾಗಾಗಿ ಇಲ್ಲಿಯವರ ಬಾಯಲ್ಲಿ ಎರಡು ಹೆಸರೂ ಉಂಟು.

ಆ ಹೊತ್ತಿಗೆ ಭತ್ತ ಹೊಡೆಯಾಗಿರುತ್ತದೆ. ತೆನೆ ಇನ್ನೂ ಹೊರಗೆ ಬಂದಿರುವುದಿಲ್ಲ, ಒಳಗೇ ತುಂಬಿಕೊಂಡು ಕಾಂಡ ಉಬ್ಬಿರುತ್ತದೆ. ರೈತ ಅದನ್ನು ನೋಡಿ ಬಸುರಿ ಎನ್ನುತ್ತಾನೆ. ಬಸುರಿಗೆ ಬಯಕೆ ಇರುವುದು ಸಹಜ, ಬಯಕೆ ತೀರಿಸದಿದ್ದರೆ ಮನೆಗೆ ಒಳ್ಳೆಯದಲ್ಲ. ಮನೆಯ ಮಗಳಿಗೆ ಸೀಮಂತ ಮಾಡಿ ಮಡಿಲು ತುಂಬುವ ಹಾಗೆಯೇ ಗದ್ದೆಗೂ ಮಾಡುತ್ತಾರೆ. ಕೆಲವು ಮನೆಗಳಲ್ಲಿ ಹೆಣ್ಣುಮಕ್ಕಳು ತಮ್ಮ ಕೊರಳ ತಾಳಿಯನ್ನೇ ತೆಗೆದು ಒಂದು ಗಳಿಗೆ ಪೈರಿಗೆ ತೊಡಿಸಿ ಪೂಜೆ ಮಾಡುವುದುಂಟು.

ಇದಕ್ಕೂ ಬನಶಂಕರಿ ಅಮ್ಮನವರಿಗೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಬಹಳ ಇದೆ. ಬನಶಂಕರಿಯೆಂದರೆ ಶಾಕಂಬರಿ. ಶಾಕ ಎಂದರೆ ಸೊಪ್ಪು, ತರಕಾರಿ. ದೇವೀ ಮಹಾತ್ಮೆಯ ಹನ್ನೊಂದನೆಯ ಅಧ್ಯಾಯದಲ್ಲಿ ತಾಯಿ ತಾನೇ ಮಾತು ಕೊಡುತ್ತಾಳೆ. ನೂರು ವರ್ಷ ಮಳೆ ಇಲ್ಲದೆ ನೀರು ಇಂಗಿಹೋದಾಗ ಬರುತ್ತೇನೆ, ಮಳೆ ಬರುವ ತನಕ ನನ್ನ ದೇಹದಿಂದಲೇ ಹುಟ್ಟಿದ ಸೊಪ್ಪು ತರಕಾರಿಯಿಂದ ಲೋಕವನ್ನು ಸಾಕುತ್ತೇನೆ ಎನ್ನುತ್ತಾಳೆ. ದೇವೀ ಭಾಗವತದಲ್ಲಿ ಈ ಕಥೆ ಇನ್ನೂ ವಿಸ್ತಾರವಾಗಿದೆ. ಜನರ ಕಷ್ಟ ನೋಡಿ ತಾಯಿ ನೂರು ಕಣ್ಣಿನಿಂದ ಒಂಬತ್ತು ರಾತ್ರಿ ಅತ್ತಳು, ಆ ಕಣ್ಣೀರೇ ಮಳೆಯಾಯಿತು. ಆಮೇಲೆ ಮನುಷ್ಯರಿಗೆ ಸೊಪ್ಪು, ಗೆಡ್ಡೆ, ಹಣ್ಣು ಕೊಟ್ಟಳು, ದನಕರುಗಳಿಗೆ ಹುಲ್ಲು ಕೊಟ್ಟಳು. ಇಲ್ಲಿ ಒಂದು ವಿಷಯ ಗಮನಿಸಬೇಕು. ಹಸಿದ ಲೋಕಕ್ಕೆ ತಾಯಿ ಮೊದಲು ಕೊಟ್ಟಿದ್ದು ಹೋಳಿಗೆಯಲ್ಲ, ಸೊಪ್ಪು. ಬಾದಾಮಿ ಬನಶಂಕರಿಯಲ್ಲಿ ಬನದ ಹುಣ್ಣಿಮೆಯ ಹಿಂದಿನ ದಿನ 108 ಬಗೆಯ ಪಲ್ಯ ಮಾಡಿ ನೈವೇದ್ಯ ಮಾಡುವ ಪಲ್ಯೇದ ಹಬ್ಬಕ್ಕೂ ಇದೇ ಮೂಲ. ನಮ್ಮ ಸೀಮೆಯಲ್ಲಿ ಆ ಪಲ್ಯ ಗುಡಿಯಲ್ಲಿ ಅಲ್ಲ, ಗದ್ದೆಯಲ್ಲಿ ಬಡಿಸಲ್ಪಡುತ್ತದೆ, ಅಷ್ಟೇ ವ್ಯತ್ಯಾಸ.

ಈಗ ಅಡುಗೆಯ ವಿಚಾರಕ್ಕೆ ಬರೋಣ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಯಾಕೆಂದರೆ ಈಗಿನ ಹುಡುಗಿಯರಿಗೆ, ಹುಡುಗರಿಗಂತೂ ಕೇಳುವುದೇ ಬೇಡ, ಹಬ್ಬದ ಹೆಸರು ಗೊತ್ತು, ಅಡುಗೆ ಗೊತ್ತಿಲ್ಲ.

ಮಹಾನವಮಿ ಕಳೆಯುತ್ತಲೇ ಬುಟ್ಟಿಯ ಕೆಲಸ ಶುರು. ಬಿದಿರಿನ ಬುಟ್ಟಿಗೆ ಸಗಣಿ ಬಳಿದು ಒಣಗಿಸಿ, ಅದರ ಮೇಲೆ ಕೆಮ್ಮಣ್ಣು ಹಚ್ಚಿ, ಅಕ್ಕಿ ನೆನೆಸಿ ಅರೆದ ಬಿಳಿ ಹಿಟ್ಟಿನಲ್ಲಿ ಪುಂಡಿ ನಾರಿನ ಕುಂಚ ಅದ್ದಿ ಚಿತ್ತಾರ ಬರೆಯುತ್ತಾರೆ. ದೀವರ ಮನೆಯ ಹೆಣ್ಣುಮಕ್ಕಳ ಕೈಯಲ್ಲಿ ಈ ಹಸೆ ಚಿತ್ತಾರ ಬಹಳ ಚೆಂದ. ಇದೇ ಭೂಮಣ್ಣಿ ಬುಟ್ಟಿ. ಜೊತೆಗೆ ಬೆರಕೆ ಸೊಪ್ಪಿನ ಹಚ್ಚಂಬಲಿ ಒಯ್ಯಲಿಕ್ಕೆ ಒಂದು ಸಣ್ಣ ಬುಟ್ಟಿ ಬೇರೆ.

ಹುಣ್ಣಿಮೆಯ ಹಿಂದಿನ ದಿನ ಬೆರಕೆ ಸೊಪ್ಪು ಕೊಯ್ಯಬೇಕು. ಇದಕ್ಕೆ ಸಂತೆಗೆ ಹೋಗುವುದಲ್ಲ. ಹಿತ್ತಲು, ಬೇಲಿ, ಗದ್ದೆಯ ಬದು, ತೋಟದ ಕಾಲುವೆ ಸುತ್ತಿ ಬಂದರೆ ಮಡಿಲು ತುಂಬುತ್ತದೆ. ಹರಿವೆ, ಬಸಳೆ, ಒಂದೆಲಗ, ಹೊನಗೊನ್ನೆ, ಗಣಿಕೆ, ನುಗ್ಗೆ, ಕುಂಬಳದ ಕುಡಿ, ಹೀರೆಯ ಕುಡಿ, ಕೆಸುವಿನ ಎಲೆ, ಹೀಗೆ ಸಿಕ್ಕಿದ್ದೆಲ್ಲ ಒಂದೊಂದು ಹಿಡಿ. ನೂರೆಂಟು ಬಗೆ ಅನ್ನುವುದು ಮಾತು. ಹತ್ತು ಸಿಕ್ಕರೂ ತಾಯಿ ಬೇಡ ಅನ್ನುವುದಿಲ್ಲ. ಆದರೆ ಗುರುತು ಇಲ್ಲದ ಸೊಪ್ಪನ್ನು ಲೆಕ್ಕ ತುಂಬಿಸಲಿಕ್ಕೆ ಅಂತ ಕೊಯ್ಯಬಾರದು, ಮನೆಯ ಹಿರಿಯರನ್ನು ಕೇಳಿಯೇ ಕೊಯ್ಯಬೇಕು. ಕಳೆ ಔಷಧಿ ಹೊಡೆದ ಬದುವಿನ ಹತ್ತಿರ ಹೋಗುವುದೇ ಬೇಡ.

ಸೊಪ್ಪನ್ನು ಮೂರು ನೀರಿನಲ್ಲಿ ತೊಳೆದು ಸಣ್ಣಗೆ ಹೆಚ್ಚಬೇಕು. ಕೆಸುವಿಗೆ ತುರಿಕೆ ಗುಣ ಉಂಟು, ಅದನ್ನು ಬೇರೆಯೇ ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸಿ ಆಮೇಲೆ ಉಳಿದ ಸೊಪ್ಪಿಗೆ ಕೂಡಿಸಬೇಕು. ಅವಸರ ಮಾಡಿದರೆ ಗಂಟಲು ಕೆರೆಯುತ್ತದೆ, ಹಬ್ಬದ ದಿನ ಮನೆಯವರೆಲ್ಲ ಕೆಮ್ಮುತ್ತಾ ಕೂರಬೇಕಾಗುತ್ತದೆ. ಗದ್ದೆಗೆ ಬೀರಲಿಕ್ಕೆ ಒಂದು ಪಾಲನ್ನು ಅಕ್ಕಿಯ ಜೊತೆ ಬೇಯಿಸಿ ತೆಗೆದಿಡುವುದು, ಉಳಿದದ್ದಕ್ಕೆ ಕಾಯಿತುರಿ, ಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಟ್ಟರೆ ಪಲ್ಯ. ಬೆಳ್ಳುಳ್ಳಿ ಹಾಕುವುದು ಬಿಡುವುದು ಆಯಾ ಮನೆಯ ನಡೆ, ಅದಕ್ಕೆ ಜಗಳ ಬೇಡ.

ಅಮಟೆಕಾಯಿ ಇರಲೇಬೇಕು. ಬಸುರಿಯ ನಾಲಿಗೆ ಹುಳಿ ಬೇಡುತ್ತದೆ ಎಂದು ಹೆತ್ತವರಿಗೆಲ್ಲ ಗೊತ್ತು. ಅಮಟೆಯನ್ನು ಜಜ್ಜಿ ಬೇಯಿಸಿ ಬೆಲ್ಲ, ಉಪ್ಪು, ಖಾರ ಹಾಕಿ ಗೊಜ್ಜು ಮಾಡುತ್ತಾರೆ.

ಇನ್ನು ಕಡುಬು. ಆ ಕಾಲಕ್ಕೆ ಬಳ್ಳಿಯಲ್ಲಿ ಬಲಿತ ಸೌತೆಕಾಯಿ ಬೇಕಾದಷ್ಟು ಇರುತ್ತದೆ. ಎರಡು ಲೋಟ ಅಕ್ಕಿ ತರಿಗೆ ಮೂರು ಲೋಟ ತುರಿದ ಸೌತೆಕಾಯಿ, ಒಂದು ಲೋಟ ಬೆಲ್ಲ, ಅರ್ಧ ಲೋಟ ಕಾಯಿತುರಿ, ಚಿಟಿಕೆ ಉಪ್ಪು, ಏಲಕ್ಕಿ. ನೀರು ಹಾಕಬಾರದು, ಸೌತೆಯ ನೀರೇ ಸಾಕು. ತರಿ ಆ ನೀರನ್ನು ಕುಡಿಯಲಿಕ್ಕೆ ಅರ್ಧ ಗಂಟೆ ಬಿಟ್ಟು, ಬಾಡಿಸಿದ ಬಾಳೆ ಎಲೆಯಲ್ಲಿ ಮಡಿಚಿ, ಮುಕ್ಕಾಲು ಗಂಟೆ ಹಬೆಯಲ್ಲಿ ಬೇಯಿಸಬೇಕು. ಸೌತೆ ಇಲ್ಲದಿದ್ದರೆ ಚೀನಿಕಾಯಿಯಲ್ಲೂ ಆಗುತ್ತದೆ, ಅದು ತಾನೇ ಸಿಹಿ ಇರುವುದರಿಂದ ಬೆಲ್ಲ ಕಡಿಮೆ. ಕೊಟ್ಟೆ ಕಡುಬು, ಹೋಳಿಗೆ, ಚಿತ್ರಾನ್ನ, ಮೊಸರನ್ನ ಮಾಡುವುದು ಅವರವರ ಶಕ್ತಿ.

ಇಷ್ಟೆಲ್ಲ ಒಂದೇ ರಾತ್ರಿಯಲ್ಲಿ ಆಗಬೇಕು. ನಸುಕಿಗೆ ಗಂಡಸರು ದೀಪ ಹಿಡಿದು, ಭೂಮಿತಾಯಿಯನ್ನು ಕೂಗಿ ಊಟಕ್ಕೆ ಕರೆಯುತ್ತಾ, ಗದ್ದೆ ಸುತ್ತಿ ಚರಗ ಚೆಲ್ಲಿ ಬರುತ್ತಾರೆ. ಬೆಳಗಾದ ಮೇಲೆ ಮನೆಮಂದಿಯೆಲ್ಲ ಬುಟ್ಟಿಯ ಹಿಂದೆ ಹೊರಡುತ್ತಾರೆ. ಪೂಜೆಯಾದ ಮೇಲೆ ಕಾಗೆಗೊಂದು ಎಡೆ, ಪೈರು ಕಡಿಯುವ ಇಲಿಗೂ ಒಂದು ಎಡೆ. ಕೆಲವು ಮನೆತನಗಳಲ್ಲಿ ಒಂದು ಕಡುಬನ್ನು ಗದ್ದೆಯ ಮಣ್ಣಿನಲ್ಲೇ ಹೂತು, ಕೊಯ್ಲಿನ ಕಾಲಕ್ಕೆ ತೆಗೆಯುವ ಪದ್ಧತಿಯೂ ಇದೆ. ಆಮೇಲೆ ಬದುವಿನ ಮೇಲೆ ಎಲೆ ಹಾಕಿಕೊಂಡು ಊಟ. ಇಲ್ಲಿ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ರಾತ್ರಿಯಿಡೀ ಒಲೆಯ ಮುಂದೆ ಕೂತ ಹೆಣ್ಣುಮಗಳು ಗದ್ದೆಗೆ ಬಂದ ಮೇಲೂ ಬಡಿಸುತ್ತಾ ನಿಂತು, ಕೊನೆಗೆ ತಳ ಕೆರೆದು ಉಣ್ಣುವುದು ಎಷ್ಟೋ ಕಡೆ ನಡೆದಿದೆ. ಬಸುರಿಯ ಹಬ್ಬ ಅಂತ ಕರೆದು ಹೆಣ್ಣನ್ನೇ ಹಸಿದಿಟ್ಟರೆ ತಾಯಿ ಆ ಎಡೆಯನ್ನು ಮುಟ್ಟುವಳೇ? ಸೊಪ್ಪು ಹೆಚ್ಚಲಿಕ್ಕೆ, ಕಾಯಿ ತುರಿಯಲಿಕ್ಕೆ ಗಂಡಸರ ಕೈಗೂ ಬರುತ್ತದೆ. ಚರಗ ಚೆಲ್ಲುವ ಕೈ ಒಂದು ಎಲೆ ಬಡಿಸಿದರೆ ಏನೂ ಕಮ್ಮಿಯಾಗುವುದಿಲ್ಲ.

ಊಟದ ಮಾತು ಇಷ್ಟು ಆಡಿದ ಮೇಲೆ ಊಟ ಬಿಟ್ಟವಳೊಬ್ಬಳನ್ನು ನೆನೆಯಬೇಕು, ಏಕೆಂದರೆ ಅವಳು ಬಂದಳಿಕೆಯವಳು. ಶಾಸನಗಳಲ್ಲಿ ಈ ಊರು ಬಂದಣಿಕೆ, ಬಾಂಧವಪುರ. ಬನವಾಸಿ ಹನ್ನೆರಡು ಸಾಸಿರದ ಒಳಗಿನ ನಾಗರಖಂಡ ಎಪ್ಪತ್ತಕ್ಕೆ ಮುಖ್ಯ ಸ್ಥಳ. ರಾಷ್ಟ್ರಕೂಟರ ಕಾಲದಲ್ಲಿ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನ ತೀರಿಹೋದಾಗ ಆ ಅಧಿಕಾರ ಅವನ ಹೆಂಡತಿ ಜಕ್ಕಿಯಬ್ಬೆಗೆ ಬಂತು. ಹೆಂಗಸು ಅಂತ ಅವಳು ಹಿಂಜರಿಯಲಿಲ್ಲ, ನಾಡನ್ನು ಚೆನ್ನಾಗಿ ನಡೆಸಿದಳು. ಕೊನೆಗೆ ರೋಗ ಬಂದು ದೇಹ ನಿಲ್ಲುವುದಿಲ್ಲವೆಂದು ತಿಳಿದಾಗ ಹೊಣೆಯನ್ನು ಮಗಳಿಗೆ ಒಪ್ಪಿಸಿ, ಬಂದಣಿಕೆಯ ಬಸದಿಗೆ ಬಂದು, ಆಹಾರ ತ್ಯಜಿಸಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟಳು. ಕ್ರಿ.ಶ. 918ರ ಶಾಸನ ಇದನ್ನು ಹೇಳುತ್ತದೆ. ಶಾಂತಿನಾಥ ಬಸದಿ, ತ್ರಿಮೂರ್ತಿ ನಾರಾಯಣ ಗುಡಿ, ಸೋಮೇಶ್ವರ ಗುಡಿ ಇವತ್ತಿಗೂ ಅಲ್ಲಿ ನಿಂತಿವೆ, ನೋಡಬಹುದು.

ಒಂದೇ ಮಣ್ಣಿನಲ್ಲಿ ಒಬ್ಬ ತಾಯಿ ಲೋಕಕ್ಕೆ ಊಟ ಕೊಡುವವಳು, ಇನ್ನೊಬ್ಬ ತಾಯಿ ಊಟ ಬಿಟ್ಟವಳು. ಇದರಲ್ಲಿ ವಿರೋಧ ಇಲ್ಲ. ಎರಡು ಕಡೆಯೂ ಅನ್ನ ವ್ರತವೇ. ಯಾವಾಗ ಉಣ್ಣಬೇಕು, ಯಾರಿಗೆ ಮೊದಲು ಬಡಿಸಬೇಕು, ಯಾವಾಗ ಕೈ ತೊಳೆಯಬೇಕು ಅಂತ ತಿಳಿದವರ ಸೀಮೆ ಇದು. ಇದೇ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯಮಠದ 1162ರ ಶಾಸನ ಓದಿದರೆ, ಅಲ್ಲಿ ಬಡವರಿಗೆ, ದಿಕ್ಕಿಲ್ಲದವರಿಗೆ, ಕುಂಟರಿಗೆ, ಕುರುಡರಿಗೆ ಯಾವಾಗಲೂ ಅನ್ನ ಸಿಗುತ್ತಿತ್ತು ಎಂದಿದೆ. ಬಂದವನನ್ನು ಎಲೆ ಹಾಕಿ ಕೂರಿಸಿದ ನೆಲ.

ಈಗ ಬರಗಾಲದ ಮಾತು. 2023ರಲ್ಲಿ ಮುಂಗಾರು ಕೈಕೊಟ್ಟಿತು. ಸರ್ಕಾರ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಆ ವರ್ಷ ಭೂಮಿ ಹುಣ್ಣಿಮೆ ಬಂದದ್ದು ಅಕ್ಟೋಬರ್ 28ಕ್ಕೆ, ಅದೇ ರಾತ್ರಿ ಚಂದ್ರಗ್ರಹಣ ಬೇರೆ. ಅಂಥ ವರ್ಷದಲ್ಲಿ ಒಂದು ಮನೆಯನ್ನು ನೆನೆಸಿಕೊಳ್ಳಿ. ಗದ್ದೆ ಬಿರುಕು ಬಿಟ್ಟಿದೆ. ಭತ್ತ ಮೊಣಕಾಲೆತ್ತರಕ್ಕೆ ಬಂದು ಹಳದಿಯಾಗಿದೆ. ಮಗ ಜಗಲಿಯಲ್ಲಿ ಕೂತಿದ್ದಾನೆ. ಬುಟ್ಟಿ ಗೋಡೆಗೆ ನೇತುಹಾಕಿದಲ್ಲೇ ಇದೆ.

"ಅವ್ವಾ, ಈ ಸಲ ಹಬ್ಬ ಬ್ಯಾಡ. ಜೊಳ್ಳು ಗದ್ದೆಗೆ ಎಂಥ ಸೀಮಂತ?" ಎಂದ.

ತಾಯಿ ಸೊಪ್ಪಿನ ಚೀಲ ಹೆಗಲಿಗೆ ಹಾಕಿಕೊಳ್ಳುತ್ತಾ ಹೇಳಿದಳು: "ಹೊಟ್ಟೇಲಿರೋ ಕೂಸು ಸೊರಗೇತಿ ಅಂತ ಬಸುರಿಗೆ ಊಟ ಹಾಕದೆ ಬಿಡ್ತಾರೇನೋ ತಮ್ಮಾ? ಆಗಲೇ ಅಲ್ಲೇನು ಜಾಸ್ತಿ ಹಾಕೋದು?"

ಸೊಸೆ ಏನೂ ಮಾತಾಡದೆ ಬುಟ್ಟಿ ಇಳಿಸಿ ಕೆಮ್ಮಣ್ಣು ನೆನೆಸಿದಳು. ಅತ್ತೆ ಊರೆಲ್ಲ ಸುತ್ತಿ ಬಂದರೂ ಸಿಕ್ಕಿದ್ದು ಆರೋ ಏಳೋ ಬಗೆಯ ಸೊಪ್ಪು, ಅದೂ ಬಚ್ಚಲ ನೀರು ಹರಿಯುವ ಕಡೆ ಹುಟ್ಟಿದ್ದು. ಸೌತೆಕಾಯಿ ಇರಲಿಲ್ಲ, ಹಿತ್ತಲಲ್ಲಿ ಒಂದೇ ಒಂದು ಚೀನಿಕಾಯಿ ಇತ್ತು. ಅದನ್ನೇ ಕಡುಬು ಮಾಡಿದರು. ನಸುಕಿಗೆ ಮಗನೇ ಎದ್ದು ದೀಪ ಹಚ್ಚಿ ಮುಂದೆ ನಡೆದ. ಬಿರುಕು ಬಿಟ್ಟ ನೆಲದ ಮೇಲೆ ಚರಗ ಚೆಲ್ಲುವಾಗ ಅವನ ಗಂಟಲು ಕಟ್ಟಿತು, ಕೂಗು ಹೊರಡಲಿಲ್ಲ. ಹಿಂದಿನಿಂದ ಮುದುಕಿಯೇ ಕೂಗಿದಳು. ಇಂಥ ಮನೆಗಳನ್ನು ಕಂಡೇ ಶಾಕಂಬರಿ ತಾಯಿ ಅತ್ತಿರಬೇಕು.

ಸದ್ಭಕ್ತರೇ, ಈಗ ಇನ್ನೊಂದು ತೊಡಕು. ಶಿಕಾರಿಪುರದ ಕಡೆ ಎಷ್ಟೋ ಭತ್ತದ ಗದ್ದೆಗಳಲ್ಲಿ ಮೆಕ್ಕೆಜೋಳ ಬಂದಿದೆ. ಸೊರಬದ ಕಡೆ ಅಡಿಕೆ, ಶುಂಠಿ. ಭತ್ತವೇ ಇಲ್ಲದ ಮನೆಯವರು ಹಬ್ಬ ಬಿಡಬೇಕೋ ಮಾಡಬೇಕೋ ಅಂತ ಕೇಳುತ್ತಾರೆ. ಮಾಡಬೇಕು. ಮೆಕ್ಕೆಜೋಳವನ್ನೂ ಹೆತ್ತವಳು ಅದೇ ತಾಯಿ, ಅಡಿಕೆ ಗೊನೆಯೂ ಅವಳ ಹೊಟ್ಟೆಯದೇ. ತೋಟದಲ್ಲೇ ಎಡೆ ಹಿಡಿಯಿರಿ. ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿ ಇರುವವರು ರಜೆ ಹಾಕಿ ಊರಿಗೆ ಬರಲು ಆಗದಿದ್ದರೆ, ಮಹಡಿಯ ಮೇಲಿನ ಕುಂಡಕ್ಕಾದರೂ ಒಂದು ಕಡುಬು ಇಡಬಹುದು.

ಆದರೆ ಒಂದು ವಿಷಯದಲ್ಲಿ ರಿಯಾಯಿತಿ ಇಲ್ಲ. ಹೋಳಿಗೆಯನ್ನು ಪೇಟೆಯ ಅಂಗಡಿಯಿಂದ ತಂದು, ಮಳೆಗಾಲದಲ್ಲೂ ದೂರದ ಊರಿನಿಂದ ಬಂದ ಕೋಸು, ಕ್ಯಾರೆಟ್ ಬೇಯಿಸಿ ಬುಟ್ಟಿ ತುಂಬಿಸಿದರೆ ಅದು ಬಯಕೆ ಊಟ ಆಗುವುದಿಲ್ಲ, ಬರೀ ಊಟ ಆಗುತ್ತದೆ. ಬಸುರಿ ಬಯಸುವುದು ತವರಿನ ರುಚಿ. ಭೂಮಿಗೆ ತವರು ಅವಳ ಬದುವೇ. ಆ ಬದುವಿಗೆ ಜೂನ್, ಜುಲೈನಲ್ಲಿ ಕಳೆ ಔಷಧಿ ಹೊಡೆದು ಹುಲ್ಲು ಸೊಪ್ಪು ಎಲ್ಲ ಸುಟ್ಟು, ಆಶ್ವಯುಜದಲ್ಲಿ ಬುಟ್ಟಿ ಹಿಡಿದು ಬೆರಕೆ ಸೊಪ್ಪು ಹುಡುಕಿದರೆ ಎಲ್ಲಿ ಸಿಗಬೇಕು? ಕೂಲಿಯವರು ಸಿಗುವುದಿಲ್ಲ, ಖರ್ಚು ತಡೆಯುವುದಿಲ್ಲ ಅನ್ನುವ ಕಷ್ಟ ನಿಜವೇ. ಎಲ್ಲ ಬದು ಬಿಡಲಾಗದಿದ್ದರೆ ಬೇಡ, ಒಂದು ಬದುವನ್ನಾದರೂ ತಾಯಿಯ ಹೆಸರಿಗೆ ಬಿಡಿ. ಅಲ್ಲಿ ಔಷಧಿ ಬೇಡ, ಗುದ್ದಲಿಯೂ ಬೇಡ. ಏನು ಹುಟ್ಟುತ್ತದೋ ಹುಟ್ಟಲಿ.

ಬಂದಳಿಕೆಗೆ ಬನಶಂಕರಿಯ ದರ್ಶನಕ್ಕೆ ಹೋಗುವಾಗ ಹಣ್ಣುಕಾಯಿಯ ಜೊತೆಗೆ ಆ ಬದುವಿನ ಸೊಪ್ಪು ಒಂದು ಹಿಡಿ ಬಾಳೆ ಎಲೆಯಲ್ಲಿ ಸುತ್ತಿ ಒಯ್ಯಿರಿ. ಬಿಸಿಲಿಗೆ ಬಾಡೀತು, ಮೇಲೆ ನೀರು ಚಿಮುಕಿಸಿಕೊಳ್ಳಿ.